ರೋಡಿಗೂ ಟ್ರ್ಯಾಕಿಗೂ ಒಂದೇ ಕಾರು: ಸಸ್ಪೆನ್ಷನ್ ಕೊಳ್ಳುವ ಮುಂಚೆ ಒಂದು ಕೇಬಲ್ ಟೈ ಕಟ್ಟಿ ನೋಡಿ

ನನ್ನದು ಸೆಕೆಂಡ್ ಹ್ಯಾಂಡ್ ಮಿನಿ ಕೂಪರ್ ಎಸ್. ವಾರಕ್ಕೆ ಐದು ದಿನ ಮೈಸೂರಿನ ಕುವೆಂಪುನಗರದಿಂದ ಮಂಡ್ಯದ ಬ್ಯಾಂಕಿಗೆ ಹೋಗಿ ಬರುತ್ತದೆ. ಭಾನುವಾರ ಪಾಂಡವಪುರದ ಕಡೆ ನಮ್ಮೂರಿಗೆ, ವಿ.ಸಿ. ನಾಲೆ ಏರಿ ಮೇಲೆ. ವರ್ಷಕ್ಕೆ ಮೂರು ನಾಲ್ಕು ಸಲ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಟ್ರ್ಯಾಕ್ ಮೇಲೆ ಓಡುವುದು ಅರ್ಧ ದಿನ. ಉಳಿದದ್ದೆಲ್ಲ ಹಂಪು, ಗುಂಡಿ, ಕಬ್ಬಿನ ಟ್ರ್ಯಾಕ್ಟರು ಅಗೆದು ಹಾಕಿದ ಡಾಂಬರು.

ಹಾಗಾಗಿ ಸಸ್ಪೆನ್ಷನ್ ಆರಿಸುವಾಗ ನಾನು ನೋಡುವುದು ಒಂದೇ: ಚಕ್ರ ಮೇಲಕ್ಕೆ ಹೋಗಲು ಎಷ್ಟು ಜಾಗ ಉಳಿದಿದೆ? ಕಾರು ಎಷ್ಟು ಕೆಳಗೆ ಕೂತಿದೆ, ಶಾಕಿನಲ್ಲಿ (ಶಾಕ್ ಅಬ್ಸಾರ್ಬರ್) ಬಿಗಿ ಬದಲಿಸುವ ಕ್ಲಿಕ್ ಎಷ್ಟಿದೆ, ಡಬ್ಬಿ ಮೇಲೆ ಯಾವ ಹೆಸರಿದೆ ಅನ್ನುವುದೆಲ್ಲ ಆಮೇಲೆ.

ಇದನ್ನು ದುಡ್ಡು ಕೊಟ್ಟು ಕಲಿತೆ. ಮೊದಲ ವರ್ಷ 35 ಮಿ.ಮೀ. ಗಿಡ್ಡ ಮಾಡುವ ಸ್ಪ್ರಿಂಗು ಹಾಕಿಸಿದೆ, ಶಾಕು ಹಳೆಯದೇ. ನಿಂತಾಗ ನೋಡೋಕೆ ಚೆನ್ನಾಗಿತ್ತು. ಕರಿಯಲ್ಲಿ ವೇಗದ ತಿರುವಿನ ಮಧ್ಯೆ ಒಂದು ಸಣ್ಣ ಉಬ್ಬು ಸಿಕ್ಕರೆ ಸಾಕು, ಮುಂಭಾಗ ಸರ್ರನೆ ಹೊರಗೆ ಜಾರುತ್ತಿತ್ತು. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕೇಳುತ್ತಿರಲಿಲ್ಲ. ನಾಲೆ ಏರಿ ಮೇಲೆ ಅಪ್ಪ ಸೊಂಟ ಹಿಡಿದುಕೊಂಡು "ಎತ್ತಿನ ಗಾಡಿನೇ ವಾಸಿ ಕಣ್ಲಾ" ಅಂದರು. ಏಳು ತಿಂಗಳಿಗೆ ಎಡಗಡೆ ಮುಂದಿನ ಶಾಕು ಎಣ್ಣೆ ಬಿಟ್ಟಿತು.

ನಮ್ಮ ಮೆಕ್ಯಾನಿಕ್ ಭಾಯ್ ಶಾಕನ್ನು ಬಿಚ್ಚಿ ಟೇಬಲ್ ಮೇಲಿಟ್ಟು ಬಂಪ್ ಸ್ಟಾಪರ್ ತೋರಿಸಿದರು. ಶಾಕಿನ ರಾಡಿನ ಮೇಲ್ಭಾಗದಲ್ಲಿ ಹಳದಿ ಫೋಮಿನ ಒಂದು ತುಂಡು ಇರುತ್ತದಲ್ವಾ, ಅದೇ. ನನ್ನದು ಅರ್ಧ ಪುಡಿಯಾಗಿ ಕೈಗೆ ಬಂತು. "ಸರ್, ನಿಮ್ಮ ಗಾಡಿ ಸ್ಪ್ರಿಂಗ್ ಮೇಲೆ ಓಡ್ತಾ ಇಲ್ಲ, ಇದರ ಮೇಲೆ ಓಡ್ತಾ ಇದೆ" ಅಂದರು.

ಆಗ ಎಲ್ಲ ಅರ್ಥವಾಯಿತು. ತಿರುವಿನಲ್ಲಿ ಕಾರು ವಾಲಿದಾಗ ಹೊರಗಡೆಯ ಮುಂದಿನ ಶಾಕು ಕುಗ್ಗುತ್ತದೆ. ಜಾಗ ಮುಗಿದು ಸ್ಟಾಪರಿಗೆ ತಾಗಿದ ತಕ್ಷಣ ಆ ಮೂಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಭಾರವೆಲ್ಲ ಒಂದೇ ಟೈರಿನ ಮೇಲೆ ಬಿದ್ದು ಅದರ ಹಿಡಿತ ಹೋಗುತ್ತದೆ. ನಾನು ಟೈರನ್ನು ಬೈಯುತ್ತಿದ್ದೆ, ತಪ್ಪು ಸ್ಪ್ರಿಂಗಿನದು.

ಇದನ್ನು ಅಳೆಯೋಕೆ ಹತ್ತು ರೂಪಾಯಿ ಕೂಡ ಬೇಡ. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಶಾಕಿನ ರಬ್ಬರ್ ಬೂಟ್ ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ಒಂದು ಸಣ್ಣ ಕೇಬಲ್ ಟೈ (ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿ) ಕಟ್ಟಿ. ತಾನಾಗಿ ಜಾರಬಾರದು, ಬೆರಳಲ್ಲಿ ತಳ್ಳಿದರೆ ಸರಿಯಬೇಕು, ಅಷ್ಟು ಬಿಗಿ. ಅದನ್ನು ಶಾಕಿನ ಬಾಡಿಗೆ ತಾಗುವಷ್ಟು ಕೆಳಗೆ ತಳ್ಳಿ. ಕಾರು ಇಳಿಸಿ, ಮೆಲ್ಲಗೆ ಹಿಂದೆ ಮುಂದೆ ಉರುಳಿಸಿ, ಮತ್ತೆ ಎತ್ತಿ. ಟೈಯಿಂದ ಸ್ಟಾಪರಿನವರೆಗೆ ಎಷ್ಟು ಇದೆಯೋ ಅದು ಕಾರು ಸುಮ್ನೆ ನಿಂತಾಗ ಉಳಿದಿರುವ ಜಾಗ. ನನ್ನ ಕಾರಿನಲ್ಲಿ ಕಂಪನಿ ಸ್ಪ್ರಿಂಗಿಗೆ 44 ಮಿ.ಮೀ. ಬಂತು. ಆ ಗಿಡ್ಡ ಸ್ಪ್ರಿಂಗಿಗೆ ಬರೀ 11. ಒಂದು ಬೆರಳಿನ ದಪ್ಪ ಕೂಡ ಇಲ್ಲ!

ಆಮೇಲೆ ನಿಮ್ಮ ಅತಿ ಕೆಟ್ಟ ರಸ್ತೆಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಟೈ ಎಲ್ಲಿಗೆ ಹತ್ತಿದೆ ನೋಡಿ. ಸ್ಟಾಪರಿಗೆ ಅಪ್ಪಳಿಸಿದ್ದರೆ ಇನ್ನೂ ಕೆಳಗಿಳಿಸುವ ಮಾತೇ ಬೇಡ. ಕೆಲವು ಶಾಕುಗಳು ತಲೆಕೆಳಗಾಗಿ ಕೂತಿರುತ್ತವೆ, ಅಂಥವಕ್ಕೆ ಈ ಉಪಾಯ ನಡೆಯುವುದಿಲ್ಲ.

ರಸ್ತೆಯ ಹಂಪಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟುವಂತೆ. ನಮ್ಮೂರಿನ ಹಂಪು ಆ ಅಳತೆ ಕಂಡದ್ದೇ ಇಲ್ಲ. ಒಂದು ತೋಳುದ್ದ ಅಗಲ, ಮೊಣಕಾಲ ಕೆಳಗಿನವರೆಗೆ ಎತ್ತರ. ಜರ್ಮನಿಯಲ್ಲಿ ಕೂತು ಕಿಟ್ ಮಾಡಿದವರು ಇದನ್ನು ಲೆಕ್ಕ ಹಾಕಿರುವುದಿಲ್ಲ, ನೀವೇ ಹಾಕಬೇಕು.

ಈಗ ಖರ್ಚಿನ ವಿಷಯ. ಕಾಯಿಲೋವರ್ (ಸ್ಪ್ರಿಂಗು, ಶಾಕು ಒಟ್ಟಿಗೇ ಬರುವ, ಎತ್ತರ ಹೊಂದಿಸಬಹುದಾದ ಕಿಟ್) ಕಡೆ ಹೋಗುವ ಮುಂಚೆ ಚಕ್ರವನ್ನು ಹಿಡಿದಿರುವ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟಿಂಗ್ ನೋಡಿಸಿ. ಸವೆದ ಬುಷ್ ಇಟ್ಟುಕೊಂಡು ಎಷ್ಟು ಒಳ್ಳೆ ಶಾಕು ಹಾಕಿದರೂ ಬ್ರೇಕ್ ಹಿಡಿದಾಗ ಚಕ್ರ ಅತ್ತಿತ್ತ ಓಡಾಡುತ್ತದೆ. ರಬ್ಬರ್ ಬುಷ್ ಹಾಕುವಾಗ ಒಂದು ಮಾತು: ಆರ್ಮಿನ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದ್ದು ಚಕ್ರದ ಮೇಲೆ ಕಾರಿನ ಭಾರ ಬಿದ್ದಿರುವಾಗ. ಗಾಳಿಯಲ್ಲಿ ತೂಗಾಡುವಾಗಲೇ ಬಿಗಿದರೆ ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿ.

ಎರಡನೆಯದು ಟೈರು. ಮಿನಿಗೆ ಬಂದಿದ್ದು ರನ್‌ಫ್ಲಾಟ್, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರು. ಅದರ ಗೋಡೆ ಗಟ್ಟಿ, ಆ ಗಟ್ಟಿತನವನ್ನೇ ನಾನು ಸಸ್ಪೆನ್ಷನ್ ದೋಷ ಅಂದುಕೊಂಡಿದ್ದೆ. ಮಾಮೂಲಿ ಒಳ್ಳೆ ಟೈರು ಹಾಕಿದ ದಿನ ಅರ್ಧ ಕುಲುಕಾಟ ಹೋಯಿತು. ಸ್ಟೆಪ್ನಿ ಇಲ್ಲದ ಕಾರು, ಹಾಗಾಗಿ ಪಂಕ್ಚರ್ ಕಿಟ್ಟು, ಸಣ್ಣ ಪಂಪು ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಶಾಕಿನಲ್ಲಿ ಮೂರು ದಾರಿ. ಎತ್ತರ ಹಾಗೇ ಇರಲಿ, ಹಿಡಿತ ಮಾತ್ರ ಸುಧಾರಿಸಲಿ ಅನ್ನುವವರಿಗೆ ಕಂಪನಿ ಸ್ಪ್ರಿಂಗಿನ ಜೊತೆ ಒಳ್ಳೆ ಶಾಕು. ಬಿಲ್‌ಸ್ಟೈನ್ ಕಂಪನಿಯ ಶಾಕಿನಲ್ಲಿ ಬಿ6 ಅಂದರೆ ಇದೇ. ಬಿ8 ಅಂದರೆ ಗಿಡ್ಡ ಸ್ಪ್ರಿಂಗಿಗಾಗಿ ಮಾಡಿದ ಗಿಡ್ಡ ಶಾಕು, ಎರಡನ್ನೂ ಅದಲುಬದಲು ಮಾಡಬೇಡಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಟ್ರ್ಯಾಕಿಗೆ ಹೋಗುವವರಿಗೆ ನಾನು ಹೇಳುವುದು ಮೊದಲನೆಯ ದಾರಿಯನ್ನೇ. ಎರಡನೆಯದು ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕಿನ ಜೊತೆಗೇ ತಗೊಳ್ಳಿ. ಮೂರನೆಯದು ಕಾಯಿಲೋವರ್. ಇದರಲ್ಲಿ ಜಾಸ್ತಿ ಇಳಿಸಿದರೆ ಎಷ್ಟು ಇಳಿಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ನೀವು ಕೇಳಬೇಕಾದ್ದು ಕನಿಷ್ಠ ಎಷ್ಟು ಇಳಿಯುತ್ತದೆ ಅಂತ. ಕೆಲವು ಕಿಟ್‌ಗಳಲ್ಲಿ ಅತಿ ಎತ್ತರಕ್ಕೆ ಇಟ್ಟರೂ ನಮ್ಮ ಹಂಪಿಗೆ ಹೊಟ್ಟೆ ತಾಗುತ್ತದೆ.

ಕೆಡಬ್ಲ್ಯೂ ಕಂಪನಿಯ ಕಾಯಿಲೋವರ್‌ಗಳಲ್ಲಿ ವಿ1ಕ್ಕೆ ಶಾಕಿನ ಬಿಗಿ ಬದಲಿಸುವ ಸೌಲಭ್ಯ ಇಲ್ಲ, ವಿ2ರಲ್ಲಿ ರೀಬೌಂಡ್ (ಕುಗ್ಗಿದ ಶಾಕು ಮತ್ತೆ ಬಿಚ್ಚಿಕೊಳ್ಳುವಾಗಿನ ಬಿಗಿ) ಮಾತ್ರ, ವಿ3ರಲ್ಲಿ ಕಂಪ್ರೆಷನ್ (ಕುಗ್ಗುವಾಗಿನ ಬಿಗಿ) ಕೂಡ. ನಾನು ಹಾಕಿರುವುದು ರೀಬೌಂಡ್ ಮಾತ್ರ ತಿರುಗಿಸುವ ಒಂದು ಕಾಯಿಲೋವರ್, 15 ಮಿ.ಮೀ. ಇಳಿಸಿದ್ದೇನೆ. ಎರಡೆರಡು ತಿರುಪು ಇದ್ದರೆ ಒಳ್ಳೆಯದೇ, ಆದರೆ ಕೂತು ಪರೀಕ್ಷೆ ಮಾಡುವ ತಾಳ್ಮೆ ಬೇಕು.

ರೀಬೌಂಡ್ ಹೊಂದಿಸುವುದು ಹೀಗೆ. ಒಂದು ಹಂಪನ್ನು ಆರಿಸಿಕೊಳ್ಳಿ, ಪ್ರತಿ ಸಲ ಅದೇ ವೇಗ, 20 ಸಾಕು. ಪೂರ್ತಿ ಸಡಿಲದಿಂದ ಶುರು ಮಾಡಿ. ದಾಟಿದ ಮೇಲೆ ಮೂಗು ಎರಡು ಮೂರು ಸಲ ಕುಣಿಯುತ್ತದೆ. ಎರಡೆರಡು ಕ್ಲಿಕ್ ಬಿಗಿ ಮಾಡುತ್ತಾ ಹೋಗಿ. ಒಂದೇ ಸಲ ಎದ್ದು ಸುಮ್ಮನಾದರೆ ಅಲ್ಲಿಗೆ ನಿಲ್ಲಿಸಿ. ಇನ್ನೂ ಬಿಗಿ ಮಾಡಿದರೆ ಏನಾಗುತ್ತದೆ ಅನ್ನುವುದು ನಾಲೆ ಏರಿ ಮೇಲೆ ಗೊತ್ತಾಗುತ್ತದೆ. ಸಾಲಾಗಿ ಗುಂಡಿ ಬಂದಾಗ ಒಂದು ಗುಂಡಿಗೆ ಕುಗ್ಗಿದ ಶಾಕು ಮುಂದಿನ ಗುಂಡಿ ಬರುವಷ್ಟರಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಕಾರು ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಕೊನೆಗೆ ಸ್ಟಾಪರ್ ಮೇಲೆ ಕೂರುತ್ತದೆ. ಹೊರಗಿನಿಂದ ಅದು ಗಟ್ಟಿ ಸ್ಪ್ರಿಂಗ್ ಥರವೇ ಅನ್ನಿಸುತ್ತದೆ. ಸ್ಪ್ರಿಂಗು ಬದಲಿಸಲು ಹೊರಟ ಒಬ್ಬ ಗೆಳೆಯನ ಕಾರಿನಲ್ಲಿ ನಾಲ್ಕು ಕ್ಲಿಕ್ ಸಡಿಲ ಮಾಡಿದೆವು, ಅಷ್ಟಕ್ಕೇ ಸರಿಹೋಯಿತು.

ಪೂರ್ತಿ ಬಿಗಿಯಿಂದ ಎಣಿಸಿದ ಕ್ಲಿಕ್ ಸಂಖ್ಯೆಯನ್ನು ಬಾನೆಟ್ ಒಳಗೆ ಬಿಳಿ ಟೇಪಿನ ಮೇಲೆ ಬರೆದಿಟ್ಟಿದ್ದೇನೆ: ಊರಿಗೆ ಒಂದು, ಟ್ರ್ಯಾಕಿಗೆ ಒಂದು. ನಡುವೆ ಇರುವುದು ಮೂರೇ ಕ್ಲಿಕ್.

ಮುಂದಿನ ಚಕ್ರದಿಂದ ಓಡುವ ಕಾರಿಗೆ ಹಿಂದಿನ ಆಂಟಿರೋಲ್ ಬಾರ್ (ಎಡ ಬಲದ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಸರಳು) ಸ್ವಲ್ಪ ದಪ್ಪ ಮಾಡಿದರೆ ಮೂಗು ಚೆನ್ನಾಗಿ ತಿರುಗುತ್ತದೆ, ಜಾಗವೂ ಕಡಿಮೆಯಾಗುವುದಿಲ್ಲ. ಆದರೆ ಮಳೆಯಲ್ಲಿ ದಿಂಬಂ ಇಳಿಯುವಾಗ ಹಿಂಭಾಗ ಚುರುಕಾಗುತ್ತದೆ, ಅತಿ ಮಾಡಬೇಡಿ. ಅಲೈನ್‌ಮೆಂಟಿನಲ್ಲಿ ನನ್ನ ಮುಂದಿನ ಕ್ಯಾಂಬರ್ (ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಮೈನಸ್ 1.8 ಡಿಗ್ರಿ, ಅಂದರೆ ಒಳಗೆ; ಟೋ (ಚಕ್ರದ ಮೂಗು ಒಳಗೆ ಅಥವಾ ಹೊರಗೆ ತಿರುಗಿರುವ ಕೋನ) ಸೊನ್ನೆ. ಟೈರನ್ನು ಬೇಗ ತಿನ್ನುವುದು ಟೋ, ಕ್ಯಾಂಬರ್ ಅಷ್ಟಲ್ಲ.

ಕಾಗದದ ಕೆಲಸವನ್ನೂ ಮರೆಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆ ಇದೆ, ಓದಿಕೊಳ್ಳಿ. ವಿಮೆ ಕಂಪನಿಗೆ ಬದಲಾವಣೆ ತಿಳಿಸಿ. ಮಾಮೂಲಿ ಪಾಲಿಸಿ ರೇಸು, ವೇಗದ ಪರೀಕ್ಷೆಗೆ ಅನ್ವಯಿಸುವುದಿಲ್ಲ. ಟ್ರ್ಯಾಕಿನಲ್ಲಿ ಆಗುವ ನಷ್ಟ ನಿಮ್ಮ ಜೇಬಿನದ್ದೇ.

ಹಾಕಿಸಿದ ಮೇಲೆ 500 ಕಿ.ಮೀ. ಓಡಿಸಿ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿ ನೋಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಕೇಬಲ್ ಟೈ ಬಿಚ್ಚಬೇಡಿ. ನನ್ನದರಲ್ಲಿ ಈಗಲೂ ಇದೆ. ಹೋದ ತಿಂಗಳು ಕರಿಯಿಂದ ಬಂದು ಎತ್ತಿ ನೋಡಿದಾಗ ಸ್ಟಾಪರಿಗೆ ಇನ್ನೂ 6 ಮಿ.ಮೀ. ಉಳಿದಿತ್ತು. ನಾಲೆ ಏರಿಯಿಂದ ಅಪ್ಪ, ಅಮ್ಮ, ಎರಡು ಮೂಟೆ ಅಕ್ಕಿ ಹೊತ್ತು ಬಂದಾಗ ಉಳಿದದ್ದು 2.