ವೈರ್‌ಲೆಸ್ ಸಿಮ್ಯುಲೇಷನ್ನಿನ ಫಲಿತಾಂಶವನ್ನು ನಂಬುವ ಮೊದಲು

ನಿಸ್ತಂತು ಜಾಲಗಳ ಸಂಶೋಧನೆಗೆ ತೊಡಗಿದವರು ತಮ್ಮ ಹೊಸ ವಿಧಾನವನ್ನು ಸಾಮಾನ್ಯವಾಗಿ ಎನ್‌ಎಸ್-3ರಂತಹ ಸಿಮ್ಯುಲೇಟರಿನಲ್ಲಿ, ಅಂದರೆ ಜಾಲದ ನಡೆಯನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ತಂತ್ರಾಂಶದಲ್ಲಿ, ಪರೀಕ್ಷಿಸುತ್ತಾರೆ. ಕೋಡ್ ತಕರಾರಿಲ್ಲದೆ ಓಡಿತು, ಗ್ರಾಫ್ ಮೂಡಿತು ಎಂದ ಮಾತ್ರಕ್ಕೆ ಅಂಕಿ ಸರಿಯೆಂದು ಹೇಳಲಾಗದು. ಆದ್ದರಿಂದ ಸ್ವಂತ ವಿಧಾನದ ಮೊದಲ ಸಾಲನ್ನು ಬರೆಯುವುದಕ್ಕೂ ಮುಂಚೆ, ಕೈಲೆಕ್ಕದಿಂದಲೇ ಉತ್ತರ ಸಿಗುವಂತಹ ಸರಳ ಸನ್ನಿವೇಶವೊಂದನ್ನು ಆರಿಸಿಕೊಂಡು ಸಿಮ್ಯುಲೇಟರನ್ನು ಅದರೊಂದಿಗೆ ತಾಳೆ ನೋಡಬೇಕು.

ಒಂದು ಆಕ್ಸೆಸ್ ಪಾಯಿಂಟಿಗೆ (ವೈ-ಫೈ ಜಾಲದ ಕೇಂದ್ರ ಸಾಧನ) ಅದರ ಪಕ್ಕದಲ್ಲೇ ಇರುವ ಒಂದೇ ಒಂದು ಸ್ಟೇಷನ್ (ಜಾಲಕ್ಕೆ ಸೇರಿದ ಸಾಧನ) 802.11ಎ ಎಂಬ ವೈ-ಫೈ ಮಾನಕದ ಸೆಕೆಂಡಿಗೆ 54 ಮೆಗಾಬಿಟ್ ದರದಲ್ಲಿ 1500 ಬೈಟಿನ ಪ್ಯಾಕೆಟ್‌ಗಳನ್ನು ಎಡೆಬಿಡದೆ ಕಳಿಸುತ್ತಿದೆ ಎಂದಿಟ್ಟುಕೊಳ್ಳಿ. ಪ್ರತಿ ಪ್ಯಾಕೆಟ್‌ಗೂ ಮೊದಲು 34 ಮೈಕ್ರೊಸೆಕೆಂಡಿನ ಡಿಐಎಫ್‌ಎಸ್ ಎಂಬ ಕಡ್ಡಾಯ ಬಿಡುವು, ಅನಂತರ ಸರಾಸರಿ ಏಳೂವರೆ ಸ್ಲಾಟುಗಳ (ನಿಗದಿತ ಕಾಲದ ತುಣುಕುಗಳ), ಅಂದರೆ 67.5 ಮೈಕ್ರೊಸೆಕೆಂಡುಗಳ ಬ್ಯಾಕ್‌ಆಫ್ (ಡಿಕ್ಕಿ ತಪ್ಪಿಸಲು ಯಾದೃಚ್ಛಿಕವಾಗಿ ಆರಿಸಿದ ವಿರಾಮ) ಕಾಯಬೇಕಾಗುತ್ತದೆ. ಹೆಡರುಗಳು ಸೇರಿ 1536 ಬೈಟಾಗುವ ಫ್ರೇಮು 57 ಸಿಂಬಲ್‌ಗಳನ್ನು (ಪ್ರಸಾರದ ಕಿರು ಘಟಕಗಳನ್ನು) ಹಿಡಿಯುವುದರಿಂದ, ಫ್ರೇಮಿನ ಮುಂದೆ ಬರುವ ಪ್ರಿಯಾಂಬಲ್ ಎಂಬ ಗುರುತು ಸಂಕೇತ ಸಮೇತ 248 ಮೈಕ್ರೊಸೆಕೆಂಡ್ ಬೇಕು. ಅದರ ಮೇಲೆ 16ರ ಎಸ್‌ಐಎಫ್‌ಎಸ್ ಎಂಬ ಕಿರು ಬಿಡುವು ಮತ್ತು 24 ಮೆಗಾಬಿಟ್ ದರದಲ್ಲಿ ಬರುವ ಸ್ವೀಕೃತಿ ಫ್ರೇಮಿನ 28. ಒಟ್ಟು 393.5 ಮೈಕ್ರೊಸೆಕೆಂಡಿನಲ್ಲಿ 12,000 ಬಿಟ್ ಸಾಗಿದರೆ ಥ್ರೂಪುಟ್, ಅಂದರೆ ನಿಜವಾಗಿ ತಲುಪುವ ದತ್ತಾಂಶದ ದರ, ಸೆಕೆಂಡಿಗೆ ಸುಮಾರು 30.5 ಮೆಗಾಬಿಟ್. ಹೆಸರಿನಲ್ಲಿರುವ 54ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಕೈಗೆ ಬರುವುದು ಮೊದಲ ಸಲ ಲೆಕ್ಕ ಹಾಕುವವರನ್ನು ಬೆಚ್ಚಿಬೀಳಿಸುತ್ತದೆ, ಆದರೆ ಮಾನಕವೇ ಹಾಗಿದೆ.

ಸಿಮ್ಯುಲೇಟರ್ ಇದರ ಆಸುಪಾಸಿನ ಅಂಕಿ ಕೊಡದಿದ್ದರೆ ಮುಂದುವರಿಯಬೇಡಿ. 25ರ ಹತ್ತಿರ ಬಂದಿದ್ದರೆ ಆರ್‌ಟಿಎಸ್-ಸಿಟಿಎಸ್ ವಿನಿಮಯ (ಕಳಿಸುವ ಮೊದಲು ಅನುಮತಿ ಕೇಳಿ ಪಡೆಯುವ ಕ್ರಮ) ತಿಳಿಯದೆ ಚಾಲೂ ಆಗಿರುವ ಸಾಧ್ಯತೆಯಿದೆ, ಏಕೆಂದರೆ ಅದೇ ಸುಮಾರು 88 ಮೈಕ್ರೊಸೆಕೆಂಡ್ ನುಂಗುತ್ತದೆ. 40 ದಾಟಿದ್ದರೆ ಎಣಿಸುವ ಕೋಡಿನಲ್ಲೇ ತಪ್ಪಿರಬೇಕು. ಒಂದು ಸ್ಟೇಷನ್ನಿನ ಲೆಕ್ಕ ಹೊಂದಿದ ಮೇಲೆ ಸಂಖ್ಯೆಯನ್ನು ಐದು, ಹತ್ತು, ಇಪ್ಪತ್ತಕ್ಕೆ ಏರಿಸಿ, ಹಲವು ಸ್ಟೇಷನ್ನುಗಳಿರುವಾಗ ಥ್ರೂಪುಟ್ ಎಷ್ಟೆಂದು ಲೆಕ್ಕ ಹಾಕಲು ಸಂಶೋಧಕ ಬಿಯಾಂಕಿ 2000ದಲ್ಲಿ ಪ್ರಕಟಿಸಿದ ವಿಶ್ಲೇಷಣಾ ಮಾದರಿಯೊಂದಿಗೆ ಹೋಲಿಸಬಹುದು.

ಇನ್ನು ಪುನರಾವರ್ತನೆ. ಒಂದೇ ಓಟದ ಫಲಿತಾಂಶವನ್ನು ಪ್ರಬಂಧದಲ್ಲಿ ಹಾಕುವುದು ನನ್ನ ದೃಷ್ಟಿಯಲ್ಲಿ ಕ್ಷಮಾರ್ಹವಲ್ಲ. ಎನ್‌ಎಸ್-3ರಲ್ಲಿ ಸೀಡನ್ನು (ಯಾದೃಚ್ಛಿಕ ಸಂಖ್ಯೆಗಳ ಆರಂಭಬಿಂದು) ಹಾಗೆಯೇ ಬಿಟ್ಟು, ಪ್ರತಿ ಓಟಕ್ಕೂ ಬೇರೆ ಯಾದೃಚ್ಛಿಕ ಸರಣಿ ಕೊಡುವ ರನ್ ಸಂಖ್ಯೆಯನ್ನು ಬದಲಿಸುತ್ತ ಕನಿಷ್ಠ ಹತ್ತು ಬಾರಿ ಓಡಿಸಬೇಕು. ಜೋಡಣೆ, ವಿಳಾಸ ಹುಡುಕಾಟ ಮುಂತಾದವು ನಡೆಯುವ ಆರಂಭದ ಅವಧಿಯನ್ನು ಪ್ರತಿ ಓಟದಲ್ಲೂ ಕೈಬಿಡಬೇಕು. ಹತ್ತೇ ಮಾದರಿಗಳಿರುವಾಗ 95 ಪ್ರತಿಶತ ವಿಶ್ವಾಸಾಂತರಕ್ಕೆ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಗುಣಕ 2.262, ಅಭ್ಯಾಸಬಲದಿಂದ ಅನೇಕರು ಬರೆಯುವ 1.96 ಅಲ್ಲ.

ಹಳೆಯ ವಿಧಾನ, ಹೊಸ ವಿಧಾನ ಎರಡನ್ನೂ ಅವೇ ರನ್ ಸಂಖ್ಯೆಗಳಲ್ಲಿ ಓಡಿಸಿ, ಓಟದಿಂದ ಓಟಕ್ಕೆ ಅವುಗಳ ವ್ಯತ್ಯಾಸವನ್ನು ತೆಗೆದು, ಆ ವ್ಯತ್ಯಾಸದ ವಿಶ್ವಾಸಾಂತರವನ್ನೇ ವರದಿ ಮಾಡುವುದು ಲೇಸು. ಅದರೊಳಗೆ ಸೊನ್ನೆ ಸೇರಿದ್ದರೆ, ಅಂದರೆ ವ್ಯತ್ಯಾಸ ಇದೆಯೆಂದು ಖಚಿತವಾಗಿ ಹೇಳಲಾಗದಿದ್ದರೆ, ಓಟಗಳ ಸಂಖ್ಯೆಯನ್ನು ಮೊದಲೇ ನಿಗದಿಪಡಿಸಿ ಇಡೀ ಪ್ರಯೋಗವನ್ನು ಹೊಸದಾಗಿ ನಡೆಸಬೇಕೇ ಹೊರತು, ಬೇಕಾದ ಉತ್ತರ ಬರುವವರೆಗೆ ಒಂದೊಂದೇ ಓಟವನ್ನು ಸೇರಿಸುತ್ತ ಹೋಗಬಾರದು.