ಗಮ್ ಪ್ರಿಂಟ್‌ನಲ್ಲಿ ಛಾಯೆ ಹಿಡಿಯುವುದು: ನನ್ನ ಅನುಭವ

ಗಮ್ ಬೈಕ್ರೊಮೇಟ್ ಅಂದರೆ ಗೋಂದಿಗೆ ಬಣ್ಣ ಮತ್ತು ಡೈಕ್ರೊಮೇಟ್ ಲವಣ ಬೆರೆಸಿ ಕಾಗದಕ್ಕೆ ಬಳಿದು, ಮೇಲೆ ನೆಗೆಟಿವ್ ಇಟ್ಟು ಬೆಳಕಿಗೊಡ್ಡಿ ಫೋಟೊ ಮುದ್ರಿಸುವ ಹಳೆಯ ವಿಧಾನ. ಬೆಳಕು ಬಿದ್ದ ಗೋಂದು ಗಟ್ಟಿಯಾಗಿ ಉಳಿಯುತ್ತದೆ, ಮಿಕ್ಕದ್ದು ನೀರಲ್ಲಿ ತೊಳೆದು ಹೋಗುತ್ತದೆ. ಇದನ್ನು ಶುರು ಮಾಡಿದವರಿಗೆಲ್ಲ ಒಂದೇ ತಲೆನೋವು. ಕಪ್ಪು ಗಾಢವಾಗಿ ಬಂದರೆ ತಿಳಿ ಛಾಯೆಗಳು ತೊಳೆದು ಹೋಗುತ್ತವೆ. ತಿಳಿ ಛಾಯೆ ಉಳಿದರೆ ಕಪ್ಪು ಸಪ್ಪೆ. ನನ್ನ ಉತ್ತರ ಇಷ್ಟೇ: ಎರಡನ್ನೂ ಒಂದೇ ಪದರದಲ್ಲಿ ಕೇಳಬೇಡಿ.

ಗೋಂದು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಬಣ್ಣ ಜಾಸ್ತಿ ಇದ್ದರೆ ಬೆಳಕು ಕಾಗದದವರೆಗೆ ಇಳಿಯುವುದೇ ಇಲ್ಲ. ನೆಗೆಟಿವ್ ದಟ್ಟವಾಗಿರುವ ಕಡೆ ಮೇಲ್ಮೈ ಮಾತ್ರ ಗಟ್ಟಿಯಾಗುತ್ತದೆ, ಅಡಿ ಮೆತ್ತಗೇ ಇರುತ್ತದೆ. ನೀರಿನಲ್ಲಿ ಅಡಿ ಕರಗಿದಾಗ ಮೇಲಿನದೂ ಅದರ ಜೊತೆ ಜಾರಿಹೋಗುತ್ತದೆ. ಹೋದದ್ದು ನಿಮ್ಮ ತಿಳಿ ಛಾಯೆ.

ಅದಕ್ಕೇ ನಾನು ಮೊದಲ ಪದರಕ್ಕೆ ಲ್ಯಾಂಪ್ ಬ್ಲ್ಯಾಕ್ (ಮಸಿಯ ಕಪ್ಪು ಬಣ್ಣ) ಚೂರೇ ಚೂರು ಹಾಕುತ್ತೇನೆ. ಗೋಂದಿನಷ್ಟೇ ಪೊಟ್ಯಾಸಿಯಂ ಡೈಕ್ರೊಮೇಟ್ ಸ್ಯಾಚುರೇಟೆಡ್ ದ್ರಾವಣ (ಇನ್ನು ಕರಗದು ಅನ್ನುವಷ್ಟು ಕರಗಿಸಿದ್ದು), ಉದ್ದನೆಯ ಎಕ್ಸ್‌ಪೋಷರ್, ಅಂದರೆ ಬೆಳಕಿಗೊಡ್ಡುವ ಸಮಯ. ಚಿತ್ರ ಮಂಕಾಗಿ ಕಾಣುತ್ತದೆ, ಆದರೆ ಮೋಡ, ಬಿಳಿ ಬಟ್ಟೆಯ ಮಡಿಕೆ ಎಲ್ಲ ಅದರಲ್ಲಿರುತ್ತವೆ. ಕೊನೆಯ ಪದರ ಪೂರ್ತಿ ಉಲ್ಟಾ: ಬಣ್ಣ ಜಾಸ್ತಿ, ಎಕ್ಸ್‌ಪೋಷರ್ ಕಡಿಮೆ. ಡೈಕ್ರೊಮೇಟ್ ಅರ್ಧಕ್ಕಿಳಿಸಿ, ಉಳಿದರ್ಧ ಜಾಗಕ್ಕೆ ನೀರು ಸೇರಿಸುತ್ತೇನೆ. ಆಗ ಕಾಂಟ್ರಾಸ್ಟ್ ಏರುತ್ತದೆ, ನೆರಳು ಮಾತ್ರ ಕಚ್ಚಿಕೊಳ್ಳುತ್ತದೆ. ನಡುವೆ ಇನ್ನೊಂದು ಪದರ, ಎರಡರ ಮಧ್ಯದ ಅಳತೆಯದು. 1890ರ ದಶಕದಲ್ಲೇ ವಿಯೆನ್ನಾ ಕ್ಯಾಮೆರಾ ಕ್ಲಬ್‌ನ ಛಾಯಾಗ್ರಾಹಕರಾದ ವಾಟ್ಜೆಕ್, ಕ್ಯೂನ್, ಹೆನ್ನೆಬರ್ಗ್ ಹೀಗೆ ಪದರದ ಮೇಲೆ ಪದರ ಹಾಕಿ ಪ್ರಿಂಟ್ ಮಾಡಿದ್ದರು. ನನಗೆ ಅವರ ದಾರಿಯೇ ಸರಿ ಅನ್ನಿಸಿದೆ.

ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕಲ್ವಾ? ಕಾಗದವನ್ನು ಮೊದಲೇ ಬಿಸಿನೀರಲ್ಲಿ ನೆನೆಸಿ ಕುಗ್ಗಿಸಿ, ಆಮೇಲೆ ಜೆಲಾಟಿನ್ ಸೈಜಿಂಗ್ ಮಾಡಿ, ಅಂದರೆ ಬಣ್ಣ ಕಾಗದದೊಳಗೆ ಇಳಿಯದಂತೆ ಜೆಲಾಟಿನ್ ಬಳಿಯಿರಿ.

ತೊಳೆಯುವಾಗ ಅವಸರ ಬೇಡ. ಚಿತ್ರ ಕೆಳಮುಖವಾಗಿ ತಣ್ಣೀರಲ್ಲಿ ತೇಲಲಿ. ಸ್ವಲ್ಪ ಹೊತ್ತಿಗೆ ಬಣ್ಣ ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತದೆ. ಮೊದಲ ಪದರಕ್ಕೆ ಒಂದು ಗಂಟೆಯಾದರೂ ಸುಮ್ನೆ ಬಿಡುತ್ತೇನೆ. ಕೊನೆಯದನ್ನು ಮಾತ್ರ ಪಕ್ಕದಲ್ಲೇ ನಿಂತು ನೋಡುತ್ತೇನೆ, ತಿಳಿ ಜಾಗ ಚೊಕ್ಕವಾದ ಕೂಡಲೇ ಎತ್ತಿಬಿಡುತ್ತೇನೆ.

ಡೈಕ್ರೊಮೇಟ್ ವಿಷ, ಕ್ಯಾನ್ಸರ್ ತರುವಂಥದ್ದು. ಕೈಗವಸು ಇಲ್ಲದೆ ಮುಟ್ಟಬೇಡಿ, ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ, ದ್ರಾವಣವನ್ನು ಚರಂಡಿಗೆ ಸುರಿಯಬೇಡಿ.

ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಸ್ವಲ್ಪ ಬದಲಾಗುತ್ತದೆ. ತೇವ ಇದ್ದಾಗ ಪದರ ಬೇಗ ಗಟ್ಟಿಯಾಗುತ್ತದೆ, ಕತ್ತಲಲ್ಲಿಟ್ಟರೂ ಆ ಕೆಲಸ ನಿಲ್ಲುವುದಿಲ್ಲ. ಹಾಗಾಗಿ ಬಳಿದ ಕಾಗದವನ್ನು ಮರುದಿನಕ್ಕೆ ಇಡುವುದಿಲ್ಲ. ಒಣಗಿದ ತಕ್ಷಣ ನೆಗೆಟಿವ್ ಇಟ್ಟುಬಿಡುತ್ತೇನೆ.