ಬಾಟಲಿ ಕೈಯಲ್ಲಿರಲಿ, ಬೆರಳು ಗಂಟಲಿಗೆ ಬೇಡ

ರೇಷನ್ ಅಂಗಡಿ ಮುಂದೆ ಕ್ಯಾನ್ ಹಿಡಿದು ಸೀಮೆಎಣ್ಣೆಗೆ ಸಾಲು ನಿಲ್ಲುತ್ತಿದ್ದ ಕಾಲ, 1986. ಅರಸೀಕೆರೆಯಲ್ಲಿ ನಮ್ಮದು ವಠಾರದ ಮನೆ. ಪಂಪ್ ಸ್ಟೌವಿಗೆ ಎಣ್ಣೆ ತುಂಬಿ, ಮಿಕ್ಕಿದ್ದನ್ನು ಲೋಟದಲ್ಲೇ ಬಿಟ್ಟು, ಹಾಲು ಉಕ್ಕಿತೆಂದು ಆ ಕಡೆ ಓಡಿದೆ. ಎರಡೂವರೆ ವರ್ಷದ ಮಗ ನೀರೆಂದುಕೊಂಡು ಎತ್ತಿಬಿಟ್ಟ. ಹೋದದ್ದು ಎರಡು ಗುಟುಕು ಇರಬಹುದು. ಕೆಮ್ಮಿನ ಸದ್ದಿಗೆ ತಿರುಗಿದರೆ ಬಾಯಿ, ಅಂಗಿ, ಕೈ ಎಲ್ಲ ಸೀಮೆಎಣ್ಣೆ ನಾತ.

ವಠಾರ ಅಂದಮೇಲೆ ಸಲಹೆಗೆ ಬರವೇ? ಒಬ್ಬರು ಹುಣಿಸೆಹಣ್ಣು ಕಿವುಚಿ ತಂದರು, ಇನ್ನೊಬ್ಬರು ಉಪ್ಪುನೀರು ಅಂದರು, ನಮ್ಮತ್ತೆ ಕೊಬ್ಬರಿ ಎಣ್ಣೆ ಹಿಡಿದು ನಿಂತಿದ್ದರು. ಕೊನೆಗೆ ನಾನೇ ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಿದೆ. ಬಂತು, ಎಲ್ಲರೂ ಉಸ್ಸಪ್ಪಾ ಅಂದರು. ರಾತ್ರಿ ಹೊತ್ತಿಗೆ ಮಗುವಿನ ಮೈ ಕೆಂಡ. ಉಸಿರೆಳೆದಾಗೆಲ್ಲ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಆಸ್ಪತ್ರೆಯಲ್ಲಿ ಆರು ದಿನ ಕಳೆದೆವು.

ಡಾಕ್ಟರು ಬೈಯಲಿಲ್ಲ, ಆದರೆ ಬಿಡಿಸಿ ಹೇಳಿದರು. ಸೀಮೆಎಣ್ಣೆ ಬಲು ತೆಳು. ಹೊಟ್ಟೆಯಲ್ಲೇ ಇದ್ದರೆ ಅದರ ಕಾಟ ಕಮ್ಮಿ. ವಾಂತಿಯಾಗಿ ಮೇಲೆ ಬರುವಾಗ ಉಸಿರುನಾಳಕ್ಕೆ ಜಾರುತ್ತದೆ, ಶ್ವಾಸಕೋಶ ಉರಿ ಹತ್ತಿ ನ್ಯುಮೋನಿಯಾ ಆಗುತ್ತದೆ. ಕುಡಿಯುವಾಗ ಚೂರು ಹೋಗಿತ್ತು, ನಾನು ಬೆರಳಿಟ್ಟು ಇನ್ನಷ್ಟು ಕಳಿಸಿದೆ. ಟರ್ಪೆಂಟೈನ್, ಪೇಂಟ್ ತಿನ್ನರ್, ಪೆಟ್ರೋಲಿಗೂ ಇದೇ ಮಾತು. ಕಕ್ಕಸು ತೊಳೆಯುವ ಆಸಿಡ್ಡಿನ ಕಥೆ ಬೇರೆ: ಇಳಿಯುವಾಗ ಒಮ್ಮೆ ಸುಟ್ಟ ಗಂಟಲನ್ನು ವಾಂತಿ ಎರಡನೇ ಸಲ ಸುಡುತ್ತದೆ. ಇನ್ನು ಉಪ್ಪುನೀರು. ಎಳೆ ಮಕ್ಕಳಿಗೆ ಅದೇ ವಿಷ, ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಹುಣಿಸೆ ನೀರು, ಮೊಟ್ಟೆಯ ಬಿಳಿ, ಹಾಲು, ಎಣ್ಣೆ ಯಾವುದೂ ಬೇಡ.

ಹಾಗಾದರೆ ಏನು ಮಾಡಬೇಕು? ಬಾಯಲ್ಲಿ ಉಳಿದದ್ದನ್ನು ಬಟ್ಟೆ ಸುತ್ತಿದ ಬೆರಳಿನಿಂದ ಮುಂದುಗಡೆಯಷ್ಟೇ ಒರೆಸಿ ತೆಗೆಯಿರಿ. ಬಟ್ಟೆಗೆ ಚೆಲ್ಲಿದ್ದರೆ ಬಿಚ್ಚಿ, ಮೈಯನ್ನು ಸೋಪು ನೀರಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ನಲ್ಲಿ ನೀರನ್ನು ಸಣ್ಣಗೆ ಬಿಟ್ಟು ಕಾಲು ಗಂಟೆಯಾದರೂ ತೊಳೆಯಬೇಕು, ಮಗು ಎಷ್ಟೇ ಅರಚಿಕೊಳ್ಳಲಿ. ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಬಾಟಲಿಯೋ ಮಾತ್ರೆಯ ಹಾಳೆಯೋ, ಕಚ್ಚಿದ್ದು ಕಾಯಿಯಾದರೆ ಎಲೆ ಸಮೇತ ಒಂದು ಕಡ್ಡಿಯೋ, ಕೈಯಲ್ಲಿ ಹಿಡಿದು ಹೊರಡಿ. ಉಸಿರಾಟಕ್ಕೆ ಒದ್ದಾಡುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಮಗು ಚೆನ್ನಾಗಿಯೇ ಇದೆ, ನಿಮಗೇ ದಿಕ್ಕು ತೋಚುತ್ತಿಲ್ಲ ಅಂತಾದರೆ ದೆಹಲಿಯ ಏಮ್ಸ್ ಆಸ್ಪತ್ರೆಯ ವಿಷ ಮಾಹಿತಿ ಕೇಂದ್ರ ಇದೆ, 1800 116 117. ಹಗಲು ರಾತ್ರಿ ಎನ್ನದೆ ಉತ್ತರ ಕೊಡುತ್ತಾರೆ, ಕಾಸಿಲ್ಲ. ಮಗುವಿನ ತೂಕ ಕೇಳುತ್ತಾರೆ, ಗೊತ್ತಿಟ್ಟುಕೊಂಡಿರಿ. ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಲೆಕ್ಕದ ಪಕ್ಕ ಆ ನಂಬರ್ ಅಂಟಿಸಿದ್ದೇನೆ.

ಇಷ್ಟೆಲ್ಲ ಬಲ್ಲವಳ ಮನೆಯಲ್ಲೇ ಹೋದ ವರ್ಷ ಇನ್ನೊಂದು ನಡೆಯಿತು. ಈಗ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದೇನೆ. ಸೋಮವಾರದಿಂದ ಭಾನುವಾರದವರೆಗೆ ಏಳು ಗೂಡಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ನನ್ನ ಬಿಪಿ, ಶುಗರ್ ಮಾತ್ರೆ. ನನ್ನ ಬೆರಳಿಗೆ ಸಲೀಸಾಗಿ ತೆರೆಯುವ ಡಬ್ಬಿ ಮೂರು ವರ್ಷದ ಮೊಮ್ಮಗಳಿಗೂ ಸಲೀಸು ಅನ್ನುವುದು ಹೊಳೆದೇ ಇರಲಿಲ್ಲ. ಆವತ್ತು ಗುರುವಾರ. ಶುಕ್ರವಾರ, ಶನಿವಾರದ ಗೂಡು ಖಾಲಿ, ಅವಳ ನಾಲಿಗೆ ಮೇಲೆ ಬಿಳಿ ಪುಡಿ. ಸೋಫಾ ಜರುಗಿಸಿ, ಚಾಪೆ ಕೊಡವಿ ಹುಡುಕಿದೆವು. ಮೂರು ಸಿಕ್ಕವು, ಒಂದು ಅರ್ಧ ಚೀಪಿದ್ದು. ಎಣಿಸಿದರೆ ಶುಗರ್ ಮಾತ್ರೆ ಒಂದು ಲೆಕ್ಕಕ್ಕೆ ಸಿಗಲಿಲ್ಲ.

ಒಂದೇ ತಾನೇ, ಕುಣಿದಾಡಿಕೊಂಡಿದ್ದಾಳೆ ಅಂದ ನನ್ನ ಮಗ. ಕೆಲವು ಶುಗರ್ ಮಾತ್ರೆ ಒಂದೇ ಒಂದು ಸಾಕು, ಪುಟ್ಟ ಮಕ್ಕಳ ಸಕ್ಕರೆ ಪಾತಾಳಕ್ಕಿಳಿಸಲು. ಅದೂ ಎಷ್ಟೋ ಗಂಟೆ ಕಳೆದ ಮೇಲೆ, ಮಗು ಮಲಗಿದ್ದಾಗ. ಆಸ್ಪತ್ರೆಯಲ್ಲಿ ಇಡೀ ರಾತ್ರಿ ಬೆರಳು ಚುಚ್ಚಿ ನೋಡುತ್ತಲೇ ಇದ್ದರು. ನಡುರಾತ್ರಿ ಸಕ್ಕರೆ ಇಳಿಯಿತು, ಗ್ಲೂಕೋಸ್ ಹಾಕಿದರು. ಮನೆಯಲ್ಲಿದ್ದಿದ್ದರೆ ನಿದ್ದೆ ಅಂತಲೇ ಸುಮ್ಮನಿರುತ್ತಿದ್ದೆವು. ಬಸುರಿಯರಿಗೆ ಕೊಡುವ ಕೆಂಪು ಕಬ್ಬಿಣದ ಮಾತ್ರೆಯೂ ಹೀಗೇ ಮೋಸಗಾರ. ವಾಂತಿಭೇದಿಯಾಗಿ ಗೆಲುವಾದಂತೆ ಕಂಡ ಮಗು ಆಮೇಲೆ ಕುಸಿಯುತ್ತದೆ. ಇಲಿ ಪಾಷಾಣದ ಪೇಸ್ಟ್ ತಿಂದ ಮಗು ಒಂದೆರಡು ದಿನ ಆಡಿಕೊಂಡಿದ್ದು, ನಂತರ ಲಿವರ್ ಕೆಡುವುದುಂಟು. ಆಡುತ್ತಿದೆ ಅನ್ನುವುದು ಲೆಕ್ಕವಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 1986ರಲ್ಲಿ ನಾನು ಡಾಕ್ಟರಿಗೆ ಉಪ್ಪುನೀರಿನ ವಿಷಯ ಮೊದಲು ಮುಚ್ಚಿಟ್ಟಿದ್ದೆ. ಅತ್ತೆ ಪಕ್ಕದಲ್ಲೇ ಇದ್ದರು, ಮಾವನವರು ಏನಂದಾರೋ ಅನ್ನುವ ಹೆದರಿಕೆ ಬೇರೆ. ತಾನೇ ವಾಂತಿ ಮಾಡಿಕೊಂಡ ಅಂದೆ. ಮರುದಿನ ಬೆಳಿಗ್ಗೆ ನರ್ಸಮ್ಮನ ಹತ್ತಿರ ಅತ್ತು ಹೇಳಿಕೊಂಡೆ. ಅದಕ್ಕೇ ಮೊನ್ನೆ ಸೊಸೆ ಮುಖ ಬಿಳಿಚಿಕೊಂಡು ನಿಂತಾಗ, "ನನ್ನ ಡಬ್ಬಿ, ನಾನೇ ಟೀಪಾಯಿ ಮೇಲೆ ಬಿಟ್ಟಿದ್ದು, ಡಾಕ್ಟರಿಗೆ ಹಾಗೇ ಹೇಳಮ್ಮ" ಅಂದೆ. ಯಾರ ತಪ್ಪು ಅನ್ನುವ ಪಂಚಾಯಿತಿ ಇಟ್ಟುಕೊಂಡರೆ ಹೊತ್ತೂ ತಪ್ಪು ಹೇಳುತ್ತೇವೆ, ಲೆಕ್ಕವೂ ತಪ್ಪು ಹೇಳುತ್ತೇವೆ.

ಮನೆಯಲ್ಲಿ ಎಲ್ಲೆಲ್ಲಿ ಏನಿದೆ ಅಂತ ಒಂದು ಸಲ ಮಂಡಿಯೂರಿ ಕೂತು, ಮಗುವಿನ ಎತ್ತರದಿಂದ ನೋಡಿ. (ನನಗೆ ಮಂಡಿಯೂರಲಾಗದು, ಮಗನನ್ನು ಕೂರಿಸಿದೆ.) ನಮ್ಮಲ್ಲಿ ಮೊದಲು ಸಿಕ್ಕಿಬಿದ್ದದ್ದು ದೇವರ ಗೂಡು. ಕರ್ಪೂರದ ಬಿಲ್ಲೆಯೂ ಕಲ್ಲುಸಕ್ಕರೆಯೂ ಒಂದೇ ಥರದ ಬಟ್ಟಲಲ್ಲಿ, ಅಕ್ಕಪಕ್ಕ! ಕರ್ಪೂರ ಚೂರೇ ಹೋದರೂ ನೋಡನೋಡುತ್ತಿದ್ದಂತೆ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯೂ ಒಂದು ಚಮಚಕ್ಕೇ ಮಗುವನ್ನು ಮಲಗಿಸಿಬಿಡಬಲ್ಲದು. ಬೀರುವಿನಲ್ಲಿ ನುಸಿಗುಳಿಗೆ, ಪ್ಲಗ್ಗಿನಲ್ಲಿ ಸೊಳ್ಳೆ ಓಡಿಸುವ ದ್ರವ. ಫಿನಾಯಿಲನ್ನು ಜ್ಯೂಸ್ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನನ್ನ ಲೋಟದ ತಪ್ಪೂ ಅದೇ ಜಾತಿಯದು. ತಿನ್ನುವ ಪಾತ್ರೆಯಲ್ಲಿ ತಿನ್ನದ್ದನ್ನು ಇಟ್ಟರೆ ಮಗುವಿಗೆ ಹೇಗೆ ಗೊತ್ತಾಗಬೇಕು?

ರಿಮೋಟಿನ ಬಿಲ್ಲೆ ಬ್ಯಾಟರಿ ವಿಷವಲ್ಲದಿದ್ದರೂ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತದೆ. ಏನೂ ಕುಡಿಸಬೇಡಿ ಅಂದೆನಲ್ಲ, ಅದಕ್ಕೆ ಇದೊಂದು ಹೊರತು: ನುಂಗಿ ಹೆಚ್ಚು ಹೊತ್ತಾಗಿರದೆ, ಮಗುವಿಗೆ ವರ್ಷ ತುಂಬಿದ್ದು, ನುಂಗಲು ಆಗುತ್ತಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು. ಜೇನು ಹುಡುಕುತ್ತಾ ಕೂರಬಾರದು, ಗಾಡಿ ಹೊರಡಬೇಕು.

ಔಷಧಿ ಕುಡಿಸುವಾಗ "ಚಾಕೊಲೇಟು ಪುಟ್ಟಾ" ಅನ್ನುವ ರೂಢಿ ನನಗೂ ಇತ್ತು, ಬಿಟ್ಟಿದ್ದೇನೆ. ನನ್ನ ಏಳು ಗೂಡಿನ ಡಬ್ಬಿ ಈಗ ಅಟ್ಟದ ಕೆಳಗಿನ ಮೇಲು ಶೆಲ್ಫಿನಲ್ಲಿದೆ. ಬೆಳಿಗ್ಗೆ ಸೊಸೆ ಸ್ಟೂಲು ಹತ್ತಿ ಆವತ್ತಿನದನ್ನಷ್ಟೇ ತೆಗೆದು, ಕಾಫಿ ಲೋಟದ ಜೊತೆ ನನ್ನ ಕೈಗೇ ಇಡುತ್ತಾಳೆ. ನಾನು ನುಂಗುವವರೆಗೂ ಅಲ್ಲಿಂದ ಅಲ್ಲಾಡುವುದಿಲ್ಲ.